ಅಮ್ಮನ ಮಗ್ಗುಲು

ತಮ್ಮಾ,

ಲಾಂಡ್ರಿ ಕೆಲಸಕ್ಕೆ ಹೊರಟೆ, ಬರೋದು ಸಂಜೆಗೆ. ಅಮ್ಮನ್ನ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸು. ನಿನ್ನೆ ನೀನು ಅವಳ ಪಕ್ಕದಲ್ಲೇ ಮಂಡಿಯೂರಿ ಜಪಸರ ಹಿಡಿದು ಕೂತೆ, ಅವಳು ಇಡೀ ದಿನ ಒಂದೇ ಮಗ್ಗುಲಲ್ಲಿ ಬಿದ್ದಿದ್ದಳು. ಈಗ ಆ ಕಡೆ ಸೊಂಟದ ಹುಣ್ಣು ಬಾಯಿ ಬಿಟ್ಟಿದೆ. ಇನ್ನೂ ಆಳಕ್ಕಿಳಿದರೆ ಜೀವಕ್ಕೇ ಅಪಾಯ ಅಂದರು ನರ್ಸಮ್ಮ.

ಪ್ರಾರ್ಥನೆ ಬೇಡ ಅನ್ನಲ್ಲ. ಮೊದಲು ತಿರುಗಿಸು, ಆಮೇಲೆ ಮಾಡು.

ನಿನ್ನ ಸಂತರ ಪುಸ್ತಕಾನ ಸಿಟ್ಟಲ್ಲಿ ಎಸೆದೆ, ಮತ್ತೆ ನಾನೇ ಎತ್ತಿಕೊಂಡು ಓದಿದೆ. ಎಷ್ಟೇ ಸಣ್ಣ ಕೆಲಸವಾದರೂ ಪ್ರೀತಿಯಿಂದ ಮಾಡು ಅಂತಾಳೆ ಅದರಲ್ಲಿ ಬರೋ ಸಂತಳು ಪುಟ್ಟ ತೆರೇಸಮ್ಮ. ಅದನ್ನೇ ನೆನೆದು ಬೆಳಗ್ಗೆ ಅಮ್ಮನ ಬಟ್ಟೆ ಬದಲಿಸಿದೆ. ಕೈ ಆಡಿತು, ಪ್ರೀತಿ ಬರಲಿಲ್ಲ. ನನ್ನದು ಮುಗಿದುಹೋಯ್ತು ಕಣೋ.

ನಿನ್ನಲ್ಲಿ ಇನ್ನೂ ಬೇಕಾದಷ್ಟಿದೆ. ಎದ್ದು ಅವಳನ್ನ ತಿರುಗಿಸು.

ಅಕ್ಕ