ಅಪ್ಪನ ಕಾರಿನ ಪೆಟ್ರೋಲ್ ಪೈಪು

ಪ್ರೀತಿಯ ಅಣ್ಣನಿಗೆ,

ಇದನ್ನು ನಿನಗೆ ತಿಳಿಸುವುದೇ ಬೇಡ ಎಂದುಕೊಂಡಿದ್ದೆ. ನಿನ್ನೆ ಪೇಂಟರ್ ಶೆಡ್ಡಿನಲ್ಲಿ, ನೀನು ಬಣ್ಣಕ್ಕೆ ಬಿಟ್ಟಿರುವ ಅಪ್ಪನ ಹಳೆಯ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ ನೋಡಿದೆ. ಪೆಟ್ರೋಲ್ ಪೈಪುಗಳು ಬಿರುಕು ಬಿಟ್ಟಿವೆ. ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಐದು ವರ್ಷಕ್ಕೊಮ್ಮೆ ಅಪ್ಪನೂ ನಾನೂ ಅವನ್ನು ಬದಲಿಸಿ, ಮೇಲೆ ಬಿಳಿ ಬಣ್ಣದಲ್ಲಿ ವರ್ಷ ಬರೆಯುತ್ತಿದ್ದೆವು. ಅಪ್ಪ ತೀರಿಕೊಂಡಾಗ ನೀನು, “ಕಾರ್ ನಂಗಿರ್ಲಿ, ಸ್ಪ್ಯಾನರ್ ಬೇಕಾದ್ರೆ ನೀನಿಟ್ಕೊಳ್ಳಮ್ಮ,” ಎಂದು ನಕ್ಕೆ.

ಪೈಪು ಬದಲಿಸದೆ ಓಡಿಸಬೇಡ. ಹೊಸದು ತರಿಸಲು ಹತ್ತು ದಿನ ಹಿಡಿಯುತ್ತದೆ. ಇಪ್ಪತ್ತರಂದು ನಿನ್ನ ಹಳೆ ಕಾರುಗಳ ರ‍್ಯಾಲಿ. ಆ ಬೆಳಿಗ್ಗೆಯೇ ಕಾರು ಶೆಡ್ಡಿನಿಂದ ಬರುವುದೆಂದು ಅತ್ತಿಗೆ ಹೇಳಿದರು. ನಾನು ಇಷ್ಟು ಸಣ್ಣ ಬುದ್ಧಿಯವಳೇ ಎಂದು ನನ್ನನ್ನೇ ಕೇಳಿಕೊಂಡೆ. ಹೌದೆನಿಸಿತು.

ನಿನ್ನ ತಂಗಿ

ಇಂದು ಐದನೇ ತಾರೀಕು. ಹತ್ತೊಂಬತ್ತಕ್ಕೆ ನಿನ್ನ ಕೈ ಸೇರುವಂತೆ, ಇದನ್ನು ಹದಿನೆಂಟಕ್ಕೆ ಅಂಚೆಗೆ ಹಾಕುತ್ತೇನೆ.