ಬಾಗಿಲ ಮೇಲಿನ ಕಲ್ಲು

ಜೈ ಭೀಮ್

ಬೈಲಹೊಂಗಲ
೬ ಮಾರ್ಚ್ ೨೦೨೫

ಪ್ರೀತಿಯ ತಮ್ಮ ಶಂಕ್ರೆಪ್ಪನಿಗೆ ಅಕ್ಕ ಕೃಷ್ಣವ್ವನ ಆಶೀರ್ವಾದ.

ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಸತ್ಯವ್ವನಿಗೆ ಮೊಣಕಾಲು ಮಡಚಲು ಬರುತ್ತದೆಯೇ? ಆಕಾಶನ ಕೆಮ್ಮು, ಸ್ನೇಹಲಳ ತಲೆನೋವು ಹೇಗಿವೆ? ನಾನು ಗಟ್ಟಿ ಇದ್ದೇನೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮನೆಯ ವಿಷಯ ತೆಗೆದಾಗಲೆಲ್ಲ ನಿಮ್ಮ ರಾಮದುರ್ಗದಲ್ಲಿ ರೇಂಜು ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ.

ಅಪ್ಪನ ಮನೆಗೆ ನಾಲ್ಕು ತಿಂಗಳಿಂದ ಬಾಡಿಗೆಯವರಿಲ್ಲ, ಮುಂಭಾಗ ಚಂದ ಮಾಡಿಸು ಎಂದಿದ್ದೆಯಲ್ಲ, ಮಾಡಿಸಿದೆ. ಬಣ್ಣದ ಪರಪ್ಪ ಗೋಡೆಗೆ ಬಾದಾಮಿ ಬಣ್ಣ ಹಚ್ಚಿದ, ಗೇಟಿಗೆ ಕಪ್ಪು ಹೊಡೆದ, ಕಟ್ಟೆಗೆ ಟೈಲ್ಸ್ ಕೂರಿಸಿದ. ನಾನು ಎರಡು ದಿನ ದೊಡವಾಡಕ್ಕೆ ಹೋಗಿ ಬರುವಷ್ಟರಲ್ಲಿ, ಅಪ್ಪ ಬಾಗಿಲ ಮೇಲೆ ಕೂರಿಸಿದ್ದ ಬುದ್ಧನ ಕಲ್ಲೇ ಇಲ್ಲ! ಆ ಜಾಗದಲ್ಲಿ ಗುಲಾಬಿ ಹೂವಿನ ಟೈಲ್ಸು.

ಕೇಳಿದರೆ ಪರಪ್ಪ, "ಬಿರುಕು ಬಿಟ್ಟಿತ್ರಿ ಅಕ್ಕಾರ, ಬಿದ್ದು ಯಾರದರೆ ತೆಲಿ ಒಡದೀತಂತ ತಗದೇನ್ರಿ" ಅಂದ. ಹಿತ್ತಿಲಲ್ಲಿದ್ದ ಗೋಣಿಚೀಲ ಬಿಚ್ಚಿ ನೋಡಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ನಾಲ್ಕೂ ಮೂಲೆ ಮುಕ್ಕಾಗದಂತೆ ಜೋಪಾನವಾಗಿ ತೆಗೆದಿದ್ದಾನೆ. ನನಗೆ ಅನುಮಾನ ಹತ್ತಿದ್ದೇ ಆಗ. ಬಣ್ಣದ ಡಬ್ಬಿ ತೆರೆಯಲೂ ಅಪ್ಪಣೆ ಕೇಳುವ ಪರಪ್ಪ ತಾನಾಗಿ ಕಲ್ಲು ಕೀಳುತ್ತಾನೆಯೇ?

ಎದುರು ಮನೆಯ ಬಸಯ್ಯನವರ ಮೇಲೂ ಸಂಶಯಪಟ್ಟೆ, ಕೇಳಿಯೂಬಿಟ್ಟೆ. "ನಿಮ್ಮ ಮನಿ ಕಲ್ಲು ತಗೊಂಡು ನಾ ಏನ್ ಮಾಡ್ಲಿ ಯವ್ವಾ? ಮೂವತ್ತು ವರ್ಷ ಅದನ್ನ ನೋಡಕೋತ ಚಾ ಕುಡದೇನಿ" ಎಂದು ನೊಂದುಕೊಂಡರು. ನನಗೇ ನಾಚಿಕೆಯಾಯಿತು.

ಹೊಸ ಬಣ್ಣ ನೋಡಿ ಮಂದಿ ಬಂದದ್ದು ಸುಳ್ಳಲ್ಲ. ಗಂಡ ಹೆಂಡತಿ ಇಬ್ಬರು ಗೇಟು ಹೊಗಳಿದರು, ಟೈಲ್ಸು ಸವರಿದರು, ಆಮೇಲೆ ಹೊಸ್ತಿಲಲ್ಲೇ ನಿಂತು "ನೀವು ಯಾವ ಪೈಕಿ ಆಗಬೇಕ್ರಿ?" ಅಂದರು. ಹೇಳಿದೆ. ನಾಳೆ ಬರುತ್ತೇವೆ ಎಂದು ಹೋದರು. ಅವರ ನಾಳೆ ಇನ್ನೂ ಆಗಿಲ್ಲ.

ನಿನ್ನೆ ನೇಸರಗಿಯ ನರ್ಸ್ ಒಬ್ಬಳು ಬೆವರುತ್ತ ಬಂದಳು. "ಈ ಓಣಿ ಮೂರು ಸಲ ತಿರುಗಿದ್ನಿರಿ ಅವ್ವಾರ. ಬಾಗಿಲ ಮ್ಯಾಲ ಬುದ್ಧ ಇರೋ ಮನಿ ಐತಿ, ಅಲ್ಲಿ ಜಾತಿ ಕೇಳಂಗಿಲ್ಲ ಅಂದಿದ್ರು. ಎಲ್ಲೈತ್ರಿ ಅದು?" ಗುಲಾಬಿ ಹೂವಿನ ಕೆಳಗೆ ನಿಂತು ಇದೇ ಮನೆ ಅಂದೆ. ಅವಳು ನಂಬಲಿಲ್ಲ, ಶಂಕ್ರೂ. ಹಿತ್ತಿಲಿಗೆ ಕರೆದೊಯ್ದು ಚೀಲ ಬಿಚ್ಚಿ ತೋರಿಸಬೇಕಾಯಿತು. "ಅದು ಮ್ಯಾಲೇರ್ಲಿ, ಆಮ್ಯಾಲ ಸಾಮಾನು ತರತೇನ್ರಿ" ಎಂದು ಹೋದಳು.

ಕಲ್ಲು ತೆಗೆಸಿದವರು ಯಾರೆಂದು ನಿನಗೆ ಗೊತ್ತಿದ್ದರೆ ತಿಳಿಸು. ಬೈಯುವುದಿಲ್ಲ.

ನಿನ್ನ ಅಕ್ಕ,
ಕೃಷ್ಣವ್ವ

ತಾ.ಕ.: ನಿನ್ನ ದನಿಯನ್ನು ಪರಪ್ಪ ಮೊನ್ನೆಯೇ ಮೊಬೈಲಿನಲ್ಲಿ ಕೇಳಿಸಿದ್ದಾನೆ. "ಅಕ್ಕ ಇಲ್ಲದಾಗ ತಗದಬಿಡು. ಆದ್ರ ಮುಕ್ಕಾಗಬಾರದು ನೋಡು, ಅಪ್ಪಂದು ಅದು." ನೀನಾಗಿಯೇ ಹೇಳಲಿ ಎಂದು ಇಷ್ಟು ಸುತ್ತಿ ಬಳಸಿ ಬರೆದೆ. ಮುಂದಿನ ರವಿವಾರ ಕಲ್ಲು ಕೂರಿಸಬೇಕು. ಏಣಿ ಹಿಡಿಯಲು ನೀನೇ ಬೇಕು. ಯಾವ ಬಸ್ಸಿಗೆ ಬರುತ್ತೀ, ಬೇಗ ಬರೆ.