ಕೆಂಪಿನಲ್ಲಿ ಬಿದ್ದ ತಗ್ಗು

ಮನೆ,
ಮಂಗಳವಾರ ಸಂಜೆ

ನನ್ನವರಿಗೆ ಪ್ರೀತಿಯಿಂದ,

ಕೆಮ್ಮು ಹೇಗಿದೆ? ಹೋದ ಪತ್ರದಲ್ಲಿ ಆರೋಗ್ಯದ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿ, ಉಳಿದದ್ದೆಲ್ಲ ಪಕ್ಕದ ಮಂಚದ ದರ್ಜಿಯ ಗೊರಕೆಯ ಬಗ್ಗೆ ಬರೆದಿದ್ದೀರಿ. ಮಗಳು ಓದಿ ನಕ್ಕಳು. ನನಗೆ ನಗು ಬರಲಿಲ್ಲ. ರಾತ್ರಿ ಕಿಟಕಿ ಮುಚ್ಚಿಸಿಕೊಳ್ಳಿ.

ಇನ್ನು ಸುದ್ದಿ. ನಿಮ್ಮ ಚಿನ್ನದ ಪಟ್ಟಿಗಳು ಕೊನೆಗೂ ಮಾತು ಕೇಳಿದವು. ನೀವು ಆಸ್ಪತ್ರೆ ಸೇರಿದ ಮೇಲೆ ನಮ್ಮ ಲ್ಯಾಬಿನ ಮೇಷ್ಟ್ರು ಆ ಪ್ರಯೋಗ ಸಾಕು ಎಂದುಬಿಟ್ಟಿದ್ದರಲ್ಲ, ನಾನು ಎದುರಾಡಲಿಲ್ಲ. ನನ್ನ ಕೆಲಸದ ನಡುವೆ ಬಿಡುವಾದಾಗಲೆಲ್ಲ ಒಂದರ ಮೇಲೊಂದು ಜೋಡಿ ಪಟ್ಟಿಗಳನ್ನು ಹೊಸದಾಗಿ ಮಾಡಿದೆ. ಎರಡು ಚಿನ್ನದ ನಡುವಿನ ಗಾಜಿನ ಪದರವನ್ನು ಮಾತ್ರ ಇನ್ನಷ್ಟು ತೆಳುವಾಗಿಸಿದೆ. ಹಾಗೆ ಮಾಡಿ ನೋಡಬೇಕು ಎಂದು ಊಟಕ್ಕೆ ಕೂತಾಗ ನೀವೇ ಅಂದಿದ್ದಿರಿ.

ಬೆಳಿಗ್ಗೆ ಜಡೆ ಹಾಕುವಾಗ ಮಗಳು, "ಅಪ್ಪ ಹುಡುಕ್ತಿರೋದು ಏನಮ್ಮ?" ಎಂದಳು. ಬೆಳಕಿನಲ್ಲಿ ವಿದ್ಯುತ್ತೂ ಇದೆ, ಕಾಂತತೆಯೂ ಇದೆ. ವಸ್ತುಗಳು ಬೆಳಕಿನ ವಿದ್ಯುತ್ತಿಗೆ ಸ್ಪಂದಿಸುತ್ತವೆ, ಅದರ ಕಾಂತತೆಯ ಗೊಡವೆಗೇ ಹೋಗುವುದಿಲ್ಲ. ಅದಕ್ಕೂ ಸ್ಪಂದಿಸುವಂಥದ್ದನ್ನು ಅಪ್ಪ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದಲ್ಲಿ ಕಟ್ಟುತ್ತಿದ್ದಾರೆ ಎಂದೆ. "ಅದು ಸಿಕ್ಕಿದ್ರೆ ಮನೆಗೆ ಬರ್ತಾರಾ?" ಎಂದಳು. ಜಡೆಗೆ ರಿಬ್ಬನ್ ಕಟ್ಟಿ ಶಾಲೆಗೆ ಕಳಿಸಿದೆ.

ಮಧ್ಯಾಹ್ನ ಅಳೆದೆ. ಪಟ್ಟಿಗಳನ್ನು ದಾಟಿ ಬಂದ ಬೆಳಕು, ಅದರ ಕೆಂಪು ಬಣ್ಣದಲ್ಲಿ, ನೀವು ಲೆಕ್ಕ ಹಾಕಿ ಹೇಳಿದ್ದ ಜಾಗದಲ್ಲೇ ತಗ್ಗಿತು. ನಂಬಲಾಗಲಿಲ್ಲ. ಬೆಳಕಿನ ಕಂಪನದ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿದೆ, ತಗ್ಗು ಮಾಯವಾಯಿತು. ಒಂದೇ ಪದರದ ಪಟ್ಟಿಗಳನ್ನಿಟ್ಟು ನೋಡಿದೆ, ಅಲ್ಲೂ ಇಲ್ಲ. ಜೋಡಿ ಇಟ್ಟೆ, ಮತ್ತೆ ಬಂತು. ಮೇಲಿನ ಪಟ್ಟಿಯಲ್ಲಿ ಅತ್ತ, ಕೆಳಗಿನದರಲ್ಲಿ ಇತ್ತ ಹರಿದ ವಿದ್ಯುತ್ತು ಸುತ್ತು ಕಟ್ಟಿ ಹುಟ್ಟಿಸಿದ ಕಾಂತತೆ ಅದು, ಬೇರೇನೂ ಆಗಲಾರದು. ಮೇಷ್ಟ್ರನ್ನು ಕರೆದೆ. ಬಹಳ ಹೊತ್ತು ನೋಡಿದರು. "ಅವನು ಹೇಳಿದ್ದೇ ಸರಿ. ನಾನೇ ಅವಸರ ಮಾಡಿದೆ," ಎಂದರು. ಆಮೇಲೆ ನಿಮ್ಮ ಕುರ್ಚಿಯ ಮೇಲೆ ಯಾರೋ ಪೇರಿಸಿದ್ದ ಪೆಟ್ಟಿಗೆಗಳನ್ನು ತಾವೇ ಒಂದೊಂದಾಗಿ ಇಳಿಸಿಟ್ಟರು.

ಮಾತ್ರೆ ತಪ್ಪಿಸಬೇಡಿ. ದರ್ಜಿಯವರಿಗೂ ನಮಸ್ಕಾರ ತಿಳಿಸಿ. ಮಗಳದು ಕೆನ್ನೆ ತುಂಬ ಮುತ್ತು.

ನಿಮ್ಮ
ಮೊಂಡಿ

ಬರೆಯಲು ಮರೆತದ್ದಲ್ಲ, ಈಗಷ್ಟೇ ತಿಳಿದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮ ಡಾಕ್ಟರ ಫೋನ್ ಬಂತು. ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲವಂತೆ. ಇದನ್ನು ನನಗೆ ತಿಳಿಸಬಾರದೆಂದು ನೀವು ಅವರನ್ನು ಕೇಳಿಕೊಂಡದ್ದನ್ನೂ ಹೇಳಿದರು. ಬಯ್ಯುವುದಿಲ್ಲ. ಬೆಳಗಿನ ರೈಲಿಗೆ ಮಗಳನ್ನು ಕರೆದುಕೊಂಡು ಹೊರಡುತ್ತೇನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮ ಪಕ್ಕ ಕೂತು ನಾನೇ ಓದುತ್ತೇನೆ.